ವೈಟ್ ಸಾಸ್: ಅಂಬಲಿ ಕಾಸಿದ ಕೈಗೂ ಗಂಟು ಕಟ್ಟಿತು

ಮಗಳು ಶಾಲೆಯ ಡಬ್ಬಿಗೆ ವೈಟ್ ಸಾಸ್ ಪಾಸ್ತಾ ಬೇಕು ಅಂತ ಹಟ ಹಿಡಿದಳು. ಅದಕ್ಕೇ ನಾನು ಮೊದಲ ಸಲ ಈ ಸಾಸ್ ಮಾಡಿದ್ದು. ಬೆಣ್ಣೆ ಕರಗಿಸಿ, ಮೈದಾ ಹಾಕಿ, ಪಕ್ಕದ ಒಲೆಯಲ್ಲಿ ಕುದಿಯುತ್ತಿದ್ದ ಹಾಲನ್ನು ಒಂದೇ ಸಲ ಸುರಿದೆ. ಅರ್ಧ ನಿಮಿಷದಲ್ಲಿ ಪಾತ್ರೆ ತುಂಬ ಗಂಟು. ಒಂದು ಗಂಟನ್ನು ಸೌಟಿನಿಂದ ಒತ್ತಿ ಒಡೆದು ನೋಡಿದರೆ ಒಳಗೆ ಒಣ ಹಿಟ್ಟು ಹಾಗೇ ಇತ್ತು. ಜರಡಿಯಲ್ಲಿ ಸೋಸಿ ಹೇಗೋ ಡಬ್ಬಿ ಕಟ್ಟಿದೆ. ಸಂಜೆ ಅರ್ಧ ವಾಪಸ್ ಬಂತು. "ಹಿಟ್ಟು ಹಿಟ್ಟು ಅನ್ಸುತ್ತೆ ಅಮ್ಮಾ" ಅಂದಳು.

ಅತ್ತೆ ನಕ್ಕರು. "ರಾಗಿ ಅಂಬಲಿ ಗಂಟಿಲ್ದೆ ಕಾಸ್ತೀಯಲ್ಲ, ಇದಕ್ಕೇನಾಯ್ತು?"

ಹೌದಲ್ವಾ! ಅಂಬಲಿಗೆ ಹಿಟ್ಟನ್ನು ಮೊದಲು ತಣ್ಣೀರಿನಲ್ಲಿ ಕದಡಿಕೊಂಡು ತಾನೇ ಕುದಿಯುವ ನೀರಿಗೆ ಬಿಡುವುದು? ಒಣ ಹಿಟ್ಟನ್ನೇ ಹಾಕಿದರೆ ಹೊರಗಿನದು ಥಟ್ಟನೆ ಬೆಂದು ಅಂಟಾಗುತ್ತದೆ, ಒಳಗಿನದು ಸಿಕ್ಕಿಹಾಕಿಕೊಳ್ಳುತ್ತದೆ. ಇಲ್ಲಿ ತಣ್ಣೀರಿನ ಕೆಲಸವನ್ನು ಬೆಣ್ಣೆ ಮಾಡಬೇಕು. ಹಿಟ್ಟಿನ ಕಣಕಣಕ್ಕೂ ಬೆಣ್ಣೆ ಹತ್ತಿದರೆ ಅವು ಬಿಡಿಬಿಡಿಯಾಗಿ ಇರುತ್ತವೆ. ನಾನೋ, ಬೆಣ್ಣೆ ಜಾಸ್ತಿ ಆಗುತ್ತೆ ಅಂತ ಅರ್ಧಕ್ಕರ್ಧ ಕಡಿಮೆ ಮಾಡಿದ್ದೆ.

ಈಗ ಅರ್ಧ ಲೀಟರ್ ಹಾಲಿಗೆ ಬೆಣ್ಣೆ 30 ಗ್ರಾಂ, ಮೈದಾ 30 ಗ್ರಾಂ. ಸಮ ಇರಬೇಕಾದ್ದು ತೂಕ, ಚಮಚ ಅಲ್ಲ. ದೊಡ್ಡ ಚಮಚದಲ್ಲಿ ಬೆಣ್ಣೆ 2 ಆದರೆ ಮೈದಾ ಹೆಚ್ಚುಕಡಿಮೆ 4 ಹಿಡಿಯುತ್ತದೆ. ಇದು ಪಾಸ್ತಾಕ್ಕೆ ಸರಿ. ಸೂಪಿಗಾದರೆ ಬೆಣ್ಣೆ, ಮೈದಾ ಎರಡೂ ಇದರ ಅರ್ಧ ಸಾಕು.

ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ಮಜ್ಜಿಗೆಯ ನೀರು ಉಳಿದಿರುತ್ತದೆ, ಸಿಡಿಯುತ್ತದೆ. ಸದ್ದು ಅಡಗಿದ ಮೇಲೆ ಮೈದಾ ಹಾಕಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಹುರಿಯುತ್ತೇನೆ. ಮಗಳು ಹೇಳಿದ "ಹಿಟ್ಟು ಹಿಟ್ಟು" ಹೋಗುವುದು ಅರ್ಧ ಇಲ್ಲೇ. ಹಸಿ ವಾಸನೆ ಹೋಗಿ ಬಿಸ್ಕತ್ತಿನಂಥ ಘಮ ಬರಬೇಕು, ಆದರೆ ಬಣ್ಣ ತಿರುಗಬಾರದು. ಕೆಂಪಗಾದರೆ ಸಾಸ್ ಬಿಳಿಯಾಗಿ ಉಳಿಯುವುದಿಲ್ಲ, ಗಟ್ಟಿಯಾಗುವ ಶಕ್ತಿಯೂ ಕುಗ್ಗುತ್ತದೆ.

ಆಮೇಲೆ ಪಾತ್ರೆ ಕೆಳಗಿಳಿಸಿ, ಕೆನೆ ತೆಗೆದ ತಣ್ಣನೆ ಹಾಲು ಒಂದು ಸಣ್ಣ ಲೋಟ ಹಾಕುತ್ತೇನೆ. ಆಗ ಅದು ಚಪಾತಿ ಹಿಟ್ಟಿನ ಹಾಗೆ ಮುದ್ದೆಯಾಗುತ್ತದೆ. ಗಾಬರಿ ಬೇಡ. ಚೆನ್ನಾಗಿ ತಿರುಗಿಸಿ ನಯವಾದ ಮೇಲೆ ಇನ್ನೊಂದು ಲೋಟ, ಆಮೇಲೆ ಉಳಿದದ್ದು. ನಮ್ಮನೆಯಲ್ಲಿ ವಿಸ್ಕ್ ಇಲ್ಲ, ಮಜ್ಜಿಗೆ ಕಡೆಯುವ ಸಣ್ಣ ಕಡಗೋಲನ್ನೇ ಹಾಕಿ ತಿರುಗಿಸುತ್ತೇನೆ. ಪಾತ್ರೆ ಮಾತ್ರ ದಪ್ಪ ತಳದ ಸ್ಟೀಲಿನದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಸ್ಟೀಲ್ ಸೌಟು ಆಡಿಸಿದ ದಿನ ಸಾಸ್ ಬೂದು ಬಣ್ಣಕ್ಕೆ ತಿರುಗಿತ್ತು.

ಮತ್ತೆ ಒಲೆಗೆ ಇಟ್ಟ ಮೇಲೆ ಸುಮಾರು ಹೊತ್ತು ಅದು ಬರೀ ಹಾಲೇ. ಇಲ್ಲಿ ತಾಳ್ಮೆಗೆಟ್ಟು ಇನ್ನೊಂದು ಚಮಚ ಮೈದಾ ಉದುರಿಸಿದರೆ ಕೆಟ್ಟ ಹಾಗೆ! ಕುದಿ ಹತ್ತಿರ ಬಂದಾಗ ತಾನಾಗಿ ಗಟ್ಟಿಯಾಗುತ್ತದೆ. ಆಮೇಲೂ ತಳ ಬಿಡಿಸುತ್ತಾ ಸಣ್ಣ ಉರಿಯಲ್ಲಿ ಐದು ನಿಮಿಷ ಬಿಡುತ್ತೇನೆ. ಸೌಟಿನ ಹಿಂಭಾಗಕ್ಕೆ ಹತ್ತಿದ ಸಾಸಿನ ಮೇಲೆ ಬೆರಳಲ್ಲಿ ಗೆರೆ ಎಳೆದಾಗ ಕೂಡಿಕೊಳ್ಳದೆ ನಿಂತರೆ ಆಯಿತು. ಆರಿದ ಮೇಲೆ ಇನ್ನೂ ಬಿಗಿಯುತ್ತದೆ, ಅದಕ್ಕೇ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸುವುದು.

ಫ್ರಾನ್ಸಿನಲ್ಲಿ ಇದಕ್ಕೆ ಬೆಷಮೆಲ್ ಅನ್ನುತ್ತಾರೆ. 14ನೇ ಲೂಯಿ ದೊರೆಯ ಅರಮನೆ ಉಸ್ತುವಾರಿ ಲೂಯಿ ದ ಬೆಷಮೇಯ್ ಅಂತಿದ್ದ, ಅವನದ್ದೇ ಹೆಸರು. ಅಲ್ಲಿ ಜಾಯಿಕಾಯಿ ತುರಿದು ಹಾಕುತ್ತಾರೆ. ನಾನೂ ಚಿಟಿಕೆಯಷ್ಟು ಹಾಕುತ್ತೇನೆ, ಜೊತೆಗೆ ಉಪ್ಪು, ಕಾಳುಮೆಣಸು. ಚೀಸ್ ಹಾಕುವುದಿದ್ದರೆ ಉರಿ ಆರಿಸಿದ ಮೇಲೆಯೇ, ಇಲ್ಲದಿದ್ದರೆ ಎಳೆ ಎಳೆಯಾಗುತ್ತದೆ.

ಬೆಂದ ಬೀನ್ಸ್, ಕ್ಯಾರೆಟ್, ಬಟಾಣಿಗೆ ಇದನ್ನು ಕಲಸಿ ಬ್ರೆಡ್ ಮೇಲೆ ಹಚ್ಚಿ, ತವಾದಲ್ಲಿ ಮುಚ್ಚಳ ಮುಚ್ಚಿ ಬಿಸಿ ಮಾಡಿದರೆ ರಾತ್ರಿ ಊಟ ಮುಗಿಯಿತು. ಅತ್ತೆಗೂ ಅದು ಇಷ್ಟ, ಪಕ್ಕದಲ್ಲಿ ಉಪ್ಪಿನಕಾಯಿ ಇರಬೇಕು ಅಷ್ಟೆ. ಉಳಿದ ಸಾಸನ್ನು ಫ್ರಿಜ್ಜಿನಲ್ಲಿಟ್ಟರೆ ಮರುದಿನ ಬರ್ಫಿಯ ಹಾಗೆ ಗಟ್ಟಿಯಾಗಿರುತ್ತದೆ. ಸ್ವಲ್ಪ ಹಾಲು ಹಾಕಿ, ಸಣ್ಣ ಉರಿಯಲ್ಲಿ ಕಡಗೋಲು ಆಡಿಸಿದರೆ ಮತ್ತೆ ಹದಕ್ಕೆ ಬರುತ್ತದೆ.