ಉಜ್ಜೋದು ಕಮ್ಮಿ, ನೆನೆಸೋದು ಜಾಸ್ತಿ: ಮನೆಯಲ್ಲಿ ಬಟ್ಟೆ ಒಗೆಯುವ ನನ್ನ ರೀತಿ

ನನ್ನ ಲೆಕ್ಕದಲ್ಲಿ ಬಟ್ಟೆ ಮೈಮೇಲೆ ಸವೆಯುವುದಕ್ಕಿಂತ ಬಕೆಟ್ಟಿನಲ್ಲಿ, ಮಷಿನ್ನಿನಲ್ಲಿ, ಹಗ್ಗದ ಮೇಲೆ ಸವೆಯುವುದೇ ಜಾಸ್ತಿ. ನಂಬಿಕೆ ಬರದಿದ್ದರೆ ಮಷಿನ್ನಿನ ಫಿಲ್ಟರ್ ತೆಗೆದು ನೋಡಿ. ಅಲ್ಲಿ ಒದ್ದೆಯಾಗಿ ಅಂಟಿಕೊಂಡಿರುವ ಬೂದು ಬಣ್ಣದ ನಾರಿನಲ್ಲಿ ಬಹುಪಾಲು ನಮ್ಮದೇ ಟವೆಲ್ಲು, ಅಂಗಿ, ಲುಂಗಿಗಳಿಂದ ಕಿತ್ತು ಬಂದ ಎಳೆ. ಪ್ರತಿ ಒಗೆತಕ್ಕೂ ಬಟ್ಟೆ ಒಂಚೂರು ತೆಳ್ಳಗಾಗುತ್ತದೆ. ಅದನ್ನು ಪೂರ್ತಿ ತಡೆಯೋಕಾಗಲ್ಲ, ಆದರೆ ಎಷ್ಟು ಬೇಗ ಆಗಬೇಕು ಅನ್ನೋದು ನಮ್ಮ ಕೈಯಲ್ಲೇ ಇದೆ.

ಜರ್ಮನಿಯಲ್ಲಿ ಹರ್ಬರ್ಟ್ ಸಿನ್ನರ್ ಅಂತ ಒಬ್ಬ ಕೆಮಿಸ್ಟ್ ಇದ್ದರು. 1959ರಲ್ಲಿ ಅವರು ಒಂದು ಸರಳ ಚಕ್ರ ಬರೆದು ತೋರಿಸಿದರು. ಕೊಳೆ ಹೋಗೋಕೆ ನಾಲ್ಕೇ ದಾರಿ: ನೀರಿನ ಬಿಸಿ, ಸೋಪಿನಂಥ ರಾಸಾಯನಿಕ, ತಿಕ್ಕಾಟ, ಸಮಯ. ಒಂದನ್ನು ಕಮ್ಮಿ ಮಾಡಿದರೆ ಇನ್ನೊಂದನ್ನು ಜಾಸ್ತಿ ಮಾಡಬೇಕು, ಅಷ್ಟೆ. ನನಗೆ ಇದು ತಲೆಗೆ ಹೋದ ಮೇಲೆ ಒಗೆಯುವ ಕ್ರಮವೇ ಬದಲಾಯಿತು. ಯಾಕಂದ್ರೆ ಬಿಸಿ ಜಾಸ್ತಿಯಾದರೆ ಬಣ್ಣ ಹೋಗುತ್ತದೆ, ಇಲಾಸ್ಟಿಕ್ ಸಡಿಲವಾಗುತ್ತದೆ. ರಾಸಾಯನಿಕ ಜಾಸ್ತಿಯಾದರೆ ಬಟ್ಟೆ ಒರಟಾಗುತ್ತದೆ. ತಿಕ್ಕಾಟ ಜಾಸ್ತಿಯಾದರೆ ಎಳೆ ಕಿತ್ತು ಬರುತ್ತದೆ. ಬಟ್ಟೆಗೆ ಎಲ್ಲಕ್ಕಿಂತ ಕಮ್ಮಿ ನೋವು ಕೊಡೋದು ಸಮಯ. ಹಾಗಾಗಿ ನಾನು ಬ್ರಷ್ಷು ಬದಿಗಿಟ್ಟು ನೆನೆಸೋದನ್ನೇ ಹಿಡಿದುಕೊಂಡೆ.

ನೆನೆಸೋದು ಅಂದರೆ ರಾತ್ರಿ ಬಕೆಟ್ಟಿಗೆ ಹಾಕಿ ಮರೆತುಬಿಡೋದಲ್ಲ. ದಿನಾ ಹಾಕುವ ಹತ್ತಿ ಬಟ್ಟೆಗೆ ಉಗುರು ಬೆಚ್ಚಗಿನ ನೀರಲ್ಲಿ ಅರ್ಧದಿಂದ ಒಂದು ಗಂಟೆ ಸಾಕು. ಮೊದಲು ನೀರಿಗೆ ಪೌಡರ್ ಹಾಕಿ ಪೂರ್ತಿ ಕರಗಿಸಬೇಕು, ಆಮೇಲೆ ಬಟ್ಟೆ. ಬಟ್ಟೆ ಮೇಲೆ ಪುಡಿ ಉದುರಿಸಿ ನೀರು ಹೊಯ್ದರೆ ಕೆಲವು ಕಡೆ ಪುಡಿ ಗುಪ್ಪೆಯಾಗಿ ಕೂತು ಬಣ್ಣ ಅಲ್ಲಲ್ಲಿ ಪೇಲವವಾಗುತ್ತದೆ. ಕಾಲರ್, ತೋಳಿನ ತುದಿ, ಕಂಕುಳ ಭಾಗಕ್ಕೆ ಮಾತ್ರ ನೆನೆಸುವ ಮುಂಚೆ ಲಿಕ್ವಿಡ್ ಸವರಿ ಹತ್ತು ನಿಮಿಷ ಬಿಡುತ್ತೇನೆ. ಕಾಲರ್ ಕೊಳೆ ಅಂದರೆ ಹೆಚ್ಚಾಗಿ ಚರ್ಮದ ಜಿಡ್ಡು, ಅದಕ್ಕೆ ಜಿಡ್ಡು ಕರಗಿಸುವ ಸೋಪು ಕೂತು ಕೆಲಸ ಮಾಡೋಕೆ ಸಮಯ ಬೇಕು. ಆಮೇಲೆ ಬೆರಳಲ್ಲಿ ಉಜ್ಜಿದರೇ ಹೋಗುತ್ತದೆ. ಒರಟು ಬ್ರಷ್ಷಿನಲ್ಲಿ ತಿಕ್ಕಿದರೆ ಕೊಳೆಯ ಜೊತೆ ಕಾಲರಿನ ಮಡಿಕೆಯೂ ಹೋಗುತ್ತದೆ. ಒಳ್ಳೆ ಅಂಗಿ ಮೊದಲು ಹರಿಯೋದು ಅಲ್ಲೇ, ಗಮನಿಸಿದ್ದೀರಾ?

ಪೌಡರಿನ ಡಬ್ಬಿ ಹಿಂದೆ ಸಣ್ಣಕ್ಷರದಲ್ಲಿ ಎಂಜೈಮ್, ಅಂದರೆ ಕಲೆಯನ್ನು ಒಡೆಯುವ ಪದಾರ್ಥ, ಇದೆಯಾ ಅಂತ ನೋಡಿ ತಗೊಳ್ಳಿ. ಪ್ರೋಟಿಯೇಸ್ ಇದ್ದರೆ ರಕ್ತ, ಬೆವರು, ಹಾಲಿನಂಥ ಪ್ರೋಟೀನ್ ಕಲೆ ಒಡೆಯುತ್ತದೆ. ಲೈಪೇಸ್ ಜಿಡ್ಡಿಗೆ, ಅಮೈಲೇಸ್ ಗಂಜಿಯಂಥ ಪಿಷ್ಟಕ್ಕೆ. ಇವು ಸಾಮಾನ್ಯವಾಗಿ 30ರಿಂದ 40 ಡಿಗ್ರಿ ಸೆಲ್ಸಿಯಸ್ ನೀರಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಕುದಿಯುವ ನೀರು ಸುರಿದರೆ ಎಂಜೈಮೇ ಸತ್ತುಹೋಗುತ್ತದೆ, ದುಡ್ಡು ಕೊಟ್ಟು ತಂದದ್ದು ಸುಮ್ನೆ ದಂಡ. ಇನ್ನೊಂದು ಮಾತು: ರೇಷ್ಮೆ, ಉಣ್ಣೆ ಎರಡೂ ಪ್ರೋಟೀನೇ. ಕಲೆ ತಿನ್ನುವ ಪ್ರೋಟಿಯೇಸ್ ಬಟ್ಟೆಯನ್ನೂ ತಿನ್ನುತ್ತದೆ. ಅವಕ್ಕೆ ಬೇರೆಯೇ, ಎಂಜೈಮ್ ಇಲ್ಲದ ಮೆದು ಲಿಕ್ವಿಡ್ ಇಟ್ಟುಕೊಂಡಿದ್ದೇನೆ.

ಬಿಳಿ ಬಟ್ಟೆ ಮಾಸಿದಾಗ ನಾನು ಕ್ಲೋರಿನ್ ಬ್ಲೀಚ್ ಮುಟ್ಟಲ್ಲ. ಆಕ್ಸಿಜನ್ ಬ್ಲೀಚ್ ಅಂತ ಸಿಗುತ್ತಲ್ಲ, ಸೋಡಿಯಂ ಪರ್ಕಾರ್ಬೊನೇಟ್, ಅದೇ ಸಾಕು. ನೀರಲ್ಲಿ ಕರಗಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ತಣ್ಣೀರಲ್ಲಿ ಇದರ ಕೆಲಸ ತುಂಬಾ ನಿಧಾನ, 40 ಡಿಗ್ರಿ ದಾಟಿದರೆ ಚುರುಕು. ಬಿಸಿನೀರಲ್ಲಿ ಕರಗಿಸಿ, ಬಟ್ಟೆ ಮುಳುಗಿಸಿ, ನೀರು ತಣ್ಣಗಾಗುವವರೆಗೆ ಬಿಡುತ್ತೇನೆ. ಕಂಕುಳಲ್ಲಿ ಆಗುವ ಹಳದಿಗೂ ಇದೇ ಮದ್ದು. ಆ ಹಳದಿಗೆ ಮುಖ್ಯ ಕಾರಣ ಬೆವರು ತಡೆಯುವ ಡಿಯೋಡರೆಂಟಿನಲ್ಲಿರುವ ಅಲ್ಯುಮಿನಿಯಂ ಲವಣ ಬೆವರಿನ ಜೊತೆ ಸೇರೋದು. ಅದರ ಮೇಲೆ ಕ್ಲೋರಿನ್ ಬ್ಲೀಚ್ ಹಾಕಿದರೆ ಹಳದಿ ಇನ್ನೂ ಗಾಢವಾಗುತ್ತದೆ. ಕರಗಿಸಿದ ಪರ್ಕಾರ್ಬೊನೇಟ್ ನೀರನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಬೇಡಿ, ಆಕ್ಸಿಜನ್ ಬಿಡುಗಡೆಯಾಗುತ್ತಾ ಒತ್ತಡ ಏರಿ ಬಾಟಲಿ ಒಡೆಯಬಹುದು. ಆವತ್ತಿಗೆ ಬೇಕಾದಷ್ಟೇ ಮಾಡಿಕೊಳ್ಳಿ. ಮನೆಯಲ್ಲಿ ಕ್ಲೋರಿನ್ ಬ್ಲೀಚ್ ಇದ್ದೇ ಇದ್ದರೆ ಅದನ್ನು ವಿನೆಗರ್, ನಿಂಬೆರಸ, ಟಾಯ್ಲೆಟ್ ತೊಳೆಯುವ ಆ್ಯಸಿಡ್, ಅಮೋನಿಯಾ ಇವ್ಯಾವುದರ ಜೊತೆಗೂ ಬೆರೆಸಬಾರದು, ವಿಷದ ಗಾಳಿ ಏಳುತ್ತದೆ. ಇದರಲ್ಲಿ ಮಾತ್ರ ಪ್ರಯೋಗ ಬೇಡ.

ಇನ್ನು ಪೌಡರಿನ ಅಳತೆ. ನೊರೆ ಜಾಸ್ತಿ ಬಂದರೆ ಬಟ್ಟೆ ಜಾಸ್ತಿ ಶುಚಿ ಅಂತ ನಂಬಿರುವವರು ಬಹಳ ಜನ. ನಿಜ ಹೇಳಬೇಕಂದ್ರೆ ನೊರೆಗೂ ಶುಚಿಗೂ ಅಂಥ ಸಂಬಂಧವಿಲ್ಲ. ಮುಂದೆ ಬಾಗಿಲಿರುವ ಮಷಿನ್ನಿನಲ್ಲಿ ನೊರೆ ಹೆಚ್ಚಾದರೆ ಬಟ್ಟೆ ಮೇಲಿಂದ ಕೆಳಗೆ ಬಿದ್ದು ಒಗೆಯೋದೇ ಕಮ್ಮಿಯಾಗುತ್ತದೆ, ಜಾಲಿಸಿದ ಮೇಲೂ ಸೋಪು ಉಳಿಯುತ್ತದೆ. ಉಳಿದ ಸೋಪು ಕೊಳೆ ಹಿಡಿಯುತ್ತದೆ, ಟವೆಲ್ ಒಣಗಿದ ಮೇಲೆ ಹಪ್ಪಳದ ಥರ ನಿಂತುಕೊಳ್ಳುತ್ತದೆ. ಗೊತ್ತಾಗಬೇಕಾ? ಒಗೆದು ಒಣಗಿದ ಟವೆಲ್ಲನ್ನು ಸೋಪು ಹಾಕದ ಬಿಸಿನೀರಲ್ಲಿ ಅದ್ದಿ ಚೆನ್ನಾಗಿ ಕಲಕಿ ನೋಡಿ. ನೊರೆ ಎದ್ದರೆ ಅಳತೆ ಇಳಿಸಬೇಕು ಅಂತ ಅರ್ಥ. ಗಡಸು ನೀರಾದರೆ ಲೆಕ್ಕ ಬೇರೆ. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಷ್ಟಾಗಿ ಬಟ್ಟೆ ಮೇಲೇ ಕೂರುತ್ತದೆ. ಬಾರ್ ಸೋಪಿಗೆ ಈ ತೊಂದರೆ ಜಾಸ್ತಿ, ಡಿಟರ್ಜೆಂಟಿಗೆ ಕಮ್ಮಿ. ಗಡಸು ನೀರಿರುವವರು ಪೌಡರಿನ ಜೊತೆ ಸ್ವಲ್ಪ ವಾಷಿಂಗ್ ಸೋಡಾ ಸೇರಿಸಿದರೆ ಹತ್ತಿ ಬಟ್ಟೆ ಬೂದಾಗೋದು ಕಮ್ಮಿಯಾಗುತ್ತದೆ.

ಫ್ಯಾಬ್ರಿಕ್ ಕಂಡೀಷನರ್ ಬಗ್ಗೆ ನನಗೆ ಅಂಥಾ ಪ್ರೀತಿ ಇಲ್ಲ. ಅದು ಎಳೆಗಳ ಮೇಲೆ ಒಂದು ನುಣುಪಾದ ಪದರ ಹಚ್ಚುತ್ತದೆ, ಹಾಗಾಗಿ ಟವೆಲ್ ಮೆತ್ತಗಿರುತ್ತದೆ, ಆದರೆ ನೀರು ಹೀರಲ್ಲ. ಆಟದ ಬಟ್ಟೆ, ಮೈಕ್ರೋಫೈಬರ್ ಇವಕ್ಕಂತೂ ಹಾಕಲೇಬಾರದು.

ಬಟ್ಟೆ ಬೇರೆ ಮಾಡುವಾಗ ಬಿಳಿ, ಬಣ್ಣ ಅಂತ ಎರಡು ಗುಡ್ಡೆ ಎಲ್ಲರೂ ಮಾಡುತ್ತಾರೆ. ನಾನು ಭಾರವನ್ನೂ ನೋಡುತ್ತೇನೆ. ಜೀನ್ಸ್, ದಪ್ಪ ಟವೆಲ್ಲಿನ ಜೊತೆ ತೆಳು ಟೀಶರ್ಟ್ ತಿರುಗಿದರೆ ಟೀಶರ್ಟಿನ ಗತಿ ಕೇಳೋ ಹಾಗಿಲ್ಲ. ಝಿಪ್ ಪೂರ್ತಿ ಎಳೆದಿರಬೇಕು, ಅದರ ಹಲ್ಲು ಪಕ್ಕದ ಬಟ್ಟೆ ಕೆರೆಯುತ್ತದೆ. ಅಂಗಿಯ ಗುಂಡಿ ಮಾತ್ರ ಬಿಚ್ಚಿರಬೇಕು, ಹಾಕಿದ್ದರೆ ತಿರುಗುವಾಗ ಗುಂಡಿಯ ದಾರಕ್ಕೂ ಕಾಜಾಕ್ಕೂ ಜಗ್ಗಾಟ. ಗಾಢ ಬಣ್ಣದ್ದು, ಪ್ರಿಂಟ್ ಇರೋದು, ಜೀನ್ಸ್ ಎಲ್ಲ ಉಲ್ಟಾ ಮಾಡಿ ಹಾಕುತ್ತೇನೆ. ಜೀನ್ಸಿನ ಇಂಡಿಗೋ ಅನ್ನುವ ನೀಲಿ ಬಣ್ಣ ನೂಲಿನ ಹೊರಮೈಯಲ್ಲಷ್ಟೇ ಕೂತಿರುತ್ತದೆ, ಒಳಗಿನ ತಿರುಳು ಬಿಳಿಯೇ. ಹಾಗಾಗಿ ಉಜ್ಜಿದಲ್ಲೆಲ್ಲ ಬಿಳಿಚುತ್ತದೆ. ಹತ್ತಿ ಬಟ್ಟೆಯಾದರೆ ಡ್ರಮ್ಮಿನ ಮುಕ್ಕಾಲು, ಸಿಂಥೆಟಿಕ್ ಆದರೆ ಅರ್ಧ, ಇದಕ್ಕಿಂತ ಜಾಸ್ತಿ ತುಂಬಲ್ಲ.

ಹೊಸ ಬಟ್ಟೆಯ ಬಣ್ಣ ಹೋಗದಿರಲಿ ಅಂತ ಉಪ್ಪುನೀರಲ್ಲಿ ನೆನೆಸುವ ಅಭ್ಯಾಸ ಬಹಳ ಹಳೆಯದು. ನಾನು ಅದನ್ನು ಬಿಟ್ಟೆ. ಬಣ್ಣ ಹಾಕುವ ಜಾಗದಲ್ಲಿ ಉಪ್ಪು ಬೇಕೇ ಬೇಕು, ನೀರಲ್ಲಿರುವ ಬಣ್ಣವನ್ನು ನೂಲಿನ ಕಡೆ ತಳ್ಳೋದು ಅದೇ. ಆದರೆ ತಯಾರಾದ ಬಟ್ಟೆಯಲ್ಲಿ ಹಿಡಿಯದೆ ಉಳಿದಿರುವ ಬಣ್ಣವನ್ನು ಮನೆಯ ಉಪ್ಪು ಕಟ್ಟಿಹಾಕಲ್ಲ. ಅಂಥ ಬಣ್ಣ ಹೋಗೇ ಹೋಗಬೇಕು. ಹಾಗಾಗಿ ಮೊದಲ ಕೆಲವು ಸಲ ಬೇರೆಯಾಗಿ, ತಣ್ಣೀರಲ್ಲಿ ಒಗೆದು ಅದನ್ನು ಹೋಗಲು ಬಿಡುತ್ತೇನೆ. ಒದ್ದೆ ಬಿಳಿ ಬಟ್ಟೆ ಒತ್ತಿ ಉಜ್ಜಿದಾಗ ಬಣ್ಣ ಅಂಟದಿದ್ದರೆ ಮಾತ್ರ ಉಳಿದವುಗಳ ಜೊತೆ. ಅಕಸ್ಮಾತ್ ಒಂದರ ಬಣ್ಣ ಇನ್ನೊಂದಕ್ಕೆ ಹತ್ತಿದರೆ ಒಣಗಲು ಬಿಡಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಒದ್ದೆ ಇರುವಾಗಲೇ ಮತ್ತೆ ಸೋಪುನೀರಿಗೆ ಹಾಕಿದರೆ ಬಹಳಷ್ಟು ಸಲ ಬಿಡುತ್ತದೆ.

ಕಲೆಗಳ ಬಗ್ಗೆ ಉದ್ದ ಪಟ್ಟಿ ಕೊಡಲ್ಲ. ರಕ್ತಕ್ಕೆ ತಣ್ಣೀರು ಮಾತ್ರ, ಬಿಸಿ ತಾಗಿದರೆ ಪ್ರೋಟೀನ್ ಗಟ್ಟಿಯಾಗಿ ಎಳೆಗೆ ಕಚ್ಚಿಕೊಳ್ಳುತ್ತದೆ. ಎಣ್ಣೆಗೆ ಪಾತ್ರೆ ತೊಳೆಯುವ ಲಿಕ್ವಿಡ್, ಬಟ್ಟೆ ಇನ್ನೂ ಒಣಗಿರುವಾಗಲೇ ಹಚ್ಚಬೇಕು. ಬಾಲ್ ಪೆನ್ನಿನ ಇಂಕಿಗೆ ಸ್ಪಿರಿಟ್, ಕೆಳಗೆ ಹಳೇ ಬಟ್ಟೆ ಇಟ್ಟು ಹಿಂದಿನಿಂದ ಒತ್ತೋದು. ತುಕ್ಕಿನ ಕಲೆಗೆ ನಿಂಬೆರಸ ಇಲ್ಲವೇ ಸಿಟ್ರಿಕ್ ಆ್ಯಸಿಡ್, ಬ್ಲೀಚ್ ಹಾಕಿದರೆ ಅಲ್ಲೇ ನಿಂತುಬಿಡುತ್ತದೆ. ಯಾವುದೇ ಆಗಲಿ, ಮೊದಲು ಒಳಮಗ್ಗುಲಲ್ಲಿ, ಹೊಲಿಗೆಯ ಹತ್ತಿರ ಒಂದು ಹನಿ ಹಾಕಿ ನೋಡಿ. ಕಲೆ ಪೂರ್ತಿ ಹೋಗಿದೆ ಅಂತ ಬೆಳಕಲ್ಲಿ ಹಿಡಿದು ನೋಡುವವರೆಗೆ ಇಸ್ತ್ರಿಗೆ ಕೊಡಬೇಡಿ.

ಉಣ್ಣೆ ಮತ್ತು ರೇಷ್ಮೆ ನನ್ನ ಮನೆಯಲ್ಲಿ ಮಷಿನ್ನಿಗೆ ಹೋಗಲ್ಲ. ಉಣ್ಣೆಯ ಪ್ರತಿ ಎಳೆಯ ಮೇಲೂ ಹೆಂಚು ಹೊದಿಸಿದ ಹಾಗೆ ಸಣ್ಣ ಪೊರೆಗಳಿರುತ್ತವೆ. ಬಿಸಿನೀರು, ಸೋಪು, ತಿಕ್ಕಾಟ ಮೂರೂ ಸೇರಿದರೆ ಒಂದರ ಪೊರೆ ಇನ್ನೊಂದಕ್ಕೆ ಸಿಕ್ಕಿಹಾಕಿಕೊಂಡು ಸ್ವೆಟರ್ ಕುಗ್ಗಿ ಕಂಬಳಿಯಾಗುತ್ತದೆ, ಮತ್ತೆ ಬಿಡಿಸೋಕೆ ಬರಲ್ಲ. ಒಗೆಯುವ ನೀರೂ ಜಾಲಿಸುವ ನೀರೂ ಒಂದೇ ಹದದಲ್ಲಿರಲಿ. ಸುಮ್ನೆ ಅದ್ದಿ, ಅಂಗೈಯಲ್ಲಿ ಒತ್ತಿ ಒತ್ತಿ ತೆಗೆಯೋದು. ಹಿಂಡಬಾರದು. ದಪ್ಪ ಟವೆಲ್ಲಿನ ಮೇಲೆ ಹರಡಿ, ಟವೆಲ್ ಸಮೇತ ಸುರುಳಿ ಸುತ್ತಿ ಒತ್ತಿದರೆ ಅರ್ಧ ನೀರು ಅಲ್ಲೇ ಹೋಗುತ್ತದೆ. ಆಮೇಲೆ ಚಪ್ಪಟೆಯಾಗಿ ಹಾಸಿಯೇ ಒಣಗಿಸಬೇಕು. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಜೋತುಬಿದ್ದು ತೋಳು ಮೊಣಕಾಲಿಗೆ ಬರುತ್ತದೆ.

ಒಣಗಿಸೋದು ಎಲ್ಲರೂ ಹಗುರವಾಗಿ ತಗೊಳ್ಳುವ ಕೆಲಸ, ಆದರೆ ಮುಗ್ಗಲು ವಾಸನೆ ಹುಟ್ಟೋದು ಇಲ್ಲೇ. ಒಗೆದ ಬಟ್ಟೆಯಲ್ಲೂ ಬರುವ ಆ ವಾಸನೆಗೆ ಮೊರಾಕ್ಸೆಲ್ಲಾ ಓಸ್ಲೋಎನ್ಸಿಸ್ ಅನ್ನುವ ಬ್ಯಾಕ್ಟೀರಿಯಾ ಮುಖ್ಯ ಕಾರಣ ಅಂತ ಜಪಾನಿನ ಸಂಶೋಧಕರು 2012ರಲ್ಲಿ ಗುರುತಿಸಿದರು. ಬಟ್ಟೆಯಲ್ಲಿ ಉಳಿದ ಬೆವರು, ಜಿಡ್ಡು ತಿಂದು ಅದು ವಾಸನೆಯ ಆಮ್ಲ ತಯಾರಿಸುತ್ತದೆ. ಒಣಗಿದರೂ ಸಾಯೋದು ಕಷ್ಟ, ಅದಕ್ಕೇ ಒಮ್ಮೆ ವಾಸನೆ ಹಿಡಿದ ಟವೆಲ್ ಮೈ ಒರೆಸಿದ ತಕ್ಷಣ ಮತ್ತೆ ನಾರುತ್ತದೆ. ಪರಿಮಳದ ಲಿಕ್ವಿಡ್ ಹಾಕಿದರೆ ಎರಡು ವಾಸನೆ ಆಗುತ್ತದೆ, ಅಷ್ಟೇ. 60 ಡಿಗ್ರಿ ಬಿಸಿನೀರು ಮತ್ತು ಪರ್ಕಾರ್ಬೊನೇಟ್, ಇವೆರಡೇ ನನಗೆ ಕೆಲಸ ಮಾಡಿದ್ದು. ಅದಕ್ಕಿಂತ ಮುಖ್ಯ, ಬೇಗ ಒಣಗಬೇಕು. ಮಷಿನ್ ನಿಂತ ಕೂಡಲೇ ತೆಗೆದು, ಜೋರಾಗಿ ಕೊಡವಿ, ಒಂದರ ಮೇಲೊಂದು ಬೀಳದ ಹಾಗೆ ಹರಡುತ್ತೇನೆ. ಮಳೆಗಾಲದಲ್ಲಿ ಒಳಗೆ ಒಣಗಿಸುವಾಗ ಫ್ಯಾನನ್ನು ಬಟ್ಟೆಗೇ ತಿರುಗಿಸಿ, ಒಂದು ಕಿಟಕಿ ತೆರೆದಿಡುತ್ತೇನೆ. ಒಣಗೋಕೆ ಬಿಸಿಗಿಂತ ಗಾಳಿ ಓಡಾಡೋದು ಮುಖ್ಯ. ದಪ್ಪ ಬಟ್ಟೆ ಇದ್ದರೆ ಸ್ಪಿನ್ ಒಂದು ಸಲ ಜಾಸ್ತಿ.

ಬಿಸಿಲಿಗೆ ಬಿಳಿ ಬಟ್ಟೆ, ಚಾದರ, ಟವೆಲ್ ಧಾರಾಳ. ಬಣ್ಣದ್ದು ಉಲ್ಟಾ ಮಾಡಿ ನೆರಳಿಗೆ. ಟೀಶರ್ಟನ್ನು ಭುಜಕ್ಕೆ ಕ್ಲಿಪ್ ಹಾಕಿ ನೇತುಹಾಕಿದರೆ ಅಲ್ಲಿ ಕೊಂಬು ಬರುತ್ತದೆ, ಕೆಳ ಅಂಚಿಗೆ ಹಾಕಿ.

ಇಸ್ತ್ರಿಯನ್ನು ನಾನು ಕೊಂಚ ತೇವ ಇರುವಾಗಲೇ ಮಾಡುತ್ತೇನೆ. ಹತ್ತಿಯ ಸುಕ್ಕು ಬಿಡಿಸೋಕೆ ಬರೀ ಬಿಸಿ ಸಾಲದು, ನೀರೂ ಬೇಕು. ಪೂರ್ತಿ ಒಣಗಿಸಿ ಆಮೇಲೆ ಅತಿ ಬಿಸಿಯಲ್ಲಿ ಒತ್ತೋದು ಎಳೆಯನ್ನು ಸುಡೋದೇ. ಲೇಬಲ್ಲಿನ ಮೇಲೆ ಇಸ್ತ್ರಿ ಪೆಟ್ಟಿಗೆಯ ಚಿತ್ರದೊಳಗೆ ಚುಕ್ಕೆ ಇರುತ್ತದೆ: ಒಂದು ಚುಕ್ಕೆ ಸುಮಾರು 110 ಡಿಗ್ರಿವರೆಗೆ, ಎರಡು 150, ಮೂರು 200. ಗಾಢ ಬಣ್ಣದ ಸಿಂಥೆಟಿಕ್ ಪ್ಯಾಂಟಿಗೆ ಒಳಗಿನಿಂದಲೇ, ಇಲ್ಲದಿದ್ದರೆ ಹೊಳಪು ಬಂದು ಹಳೆಯದರಂತೆ ಕಾಣುತ್ತದೆ.

ಎತ್ತಿಡುವ ಬಟ್ಟೆಗೆ ಗಂಜಿ ಹಾಕಲ್ಲ, ಗಂಜಿ ಅಂದರೆ ಹುಳಕ್ಕೆ ಊಟ. ಉಣ್ಣೆ ತಿನ್ನೋದು ಹಾರುವ ನುಸಿಯಲ್ಲ, ಅದರ ಮರಿ ಹುಳ. ಬೆವರು, ಕಲೆ ಇರುವ ಜಾಗವೇ ಅದಕ್ಕೆ ಮೊದಲು ಬೇಕು, ಹಾಗಾಗಿ ಎತ್ತಿಡುವ ಮುಂಚೆ ಒಗೆದು ಪೂರ್ತಿ ಒಣಗಿಸಿ, ಗಾಳಿಯಾಡದ ಚೀಲಕ್ಕೆ ಹಾಕುತ್ತೇನೆ. ನುಸಿ ಗುಳಿಗೆ ಹಾಕುವುದಾದರೆ ಬಟ್ಟೆಗೆ ನೇರ ತಾಗಬಾರದು, ಅದರ ಗಾಳಿ ಉಸಿರಿಗೂ ಒಳ್ಳೆಯದಲ್ಲ. ಮಡಿಕೆಯನ್ನು ಆಗಾಗ ಬದಲಿಸಿ ಇಡಿ, ರೇಷ್ಮೆ ಸೀಳೋದು ಒಂದೇ ಮಡಿಕೆಯ ಗೆರೆಯ ಮೇಲೆ.

ಮತ್ತೆ, ಒಮ್ಮೆ ಹಾಕಿದ್ದೆಲ್ಲ ಒಗೆಯಲೇಬೇಕು ಅಂತೇನಿಲ್ಲ. ಒಳಉಡುಪು, ಸಾಕ್ಸ್, ಬೆವರಿದ ಟೀಶರ್ಟ್ ಆವತ್ತೇ ಒಗೆಯೋದಕ್ಕೆ ಹೋಗಬೇಕು, ಎರಡು ಮಾತಿಲ್ಲ. ಜೀನ್ಸ್, ಸ್ವೆಟರ್, ಜಾಕೆಟ್ ಇವನ್ನು ಬಿಚ್ಚಿದ ಮೇಲೆ ಬೀರುವಿಗೆ ತುರುಕದೆ ಗಾಳಿಗೆ ಹಾಕಿ ಬ್ರಷ್ ಮಾಡಿದರೆ ಹಲವು ಸಲ ಹಾಕಬಹುದು. ನನ್ನ ಹತ್ತಿರ ಬಾಗಿಲ ಹಿಂದೆ ಒಂದು ಮೊಳೆ ಇದೆ, ಅರ್ಧ ಹಾಕಿದ ಬಟ್ಟೆಗಳೆಲ್ಲ ಅಲ್ಲಿ. ನೋಡೋಕೆ ಚೆಂದ ಇಲ್ಲ, ಮನೆಯವರು ಬೈಯುತ್ತಾರೆ, ಆದರೆ ಬಕೆಟ್ಟಿನ ಭಾರ ಎಷ್ಟು ಇಳಿದಿದೆ ಅಂದರೆ ಅದನ್ನು ತೆಗೆಯುವ ಮಾತೇ ಇಲ್ಲ.