ಇಆರ್‌ಸಿ ಆಡಿಟ್: ಕ್ವಾರ್ಟರ್‌ಗೊಂದು ಫೈಲು ಮಾಡಿ ಉಳಿಸಿಕೊಂಡ ಬಗೆ

ಎಂಪ್ಲಾಯೀ ರಿಟೆನ್ಷನ್ ಕ್ರೆಡಿಟ್ (ಇಆರ್‌ಸಿ, ಕೋವಿಡ್ ಕಾಲದಲ್ಲಿ ನೌಕರರಿಗೆ ಸಂಬಳ ಕೊಟ್ಟು ಉಳಿಸಿಕೊಂಡ ಉದ್ಯಮಗಳಿಗೆ ಅಮೆರಿಕ ಕೊಟ್ಟ ತೆರಿಗೆ ರಿಯಾಯಿತಿ) ಮೇಲೆ ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನ ಆಡಿಟ್ ಬಂತೆಂದರೆ ಜಗಳ ಆಡಬೇಡಿ, ವಾಪಸ್ ಕಟ್ಟಿ ಕೈತೊಳೆದುಕೊಳ್ಳಿ ಎನ್ನುತ್ತಿದ್ದವರು ನಮ್ಮ ವೃತ್ತಿಯವರೇ. ವಾಲಂಟರಿ ಡಿಸ್‌ಕ್ಲೋಷರ್ (ತಾವಾಗಿಯೇ ಒಪ್ಪಿಕೊಂಡು ಕ್ರೆಡಿಟ್‌ನ ಒಂದು ಪಾಲು ಕಟ್ಟಿ ಮುಗಿಸುವ ಯೋಜನೆ) ತೆರೆದಿದ್ದಾಗ ಮೊದಲ ಸುತ್ತಿನಲ್ಲಿ ಶೇ. 80, ಎರಡನೆಯದರಲ್ಲಿ ಶೇ. 85 ಕಟ್ಟಿಸಿ ಎಷ್ಟೋ ಮಂದಿ ಫೈಲು ಮುಚ್ಚಿದರು. ಅದರಲ್ಲಿ ನಿಜಕ್ಕೂ ಅರ್ಹತೆ ಇದ್ದ ಕ್ಲೈಂಟ್‌ಗಳೂ ಇದ್ದರು, ಅದು ನನ್ನ ತಕರಾರು. ನ್ಯೂಜೆರ್ಸಿಯಲ್ಲಿ ನಾನು ನೋಡಿಕೊಳ್ಳುವುದು ಇಂಡಿಯನ್ ರೆಸ್ಟೋರೆಂಟ್, ಡೇಕೇರ್, ಸಣ್ಣ ಮೋಟೆಲ್‌ಗಳ ಲೆಕ್ಕ. ಇವರ ಆಡಿಟ್‌ಗಳಲ್ಲಿ ಹೆಚ್ಚಿನವು ಬದಲಾವಣೆ ಇಲ್ಲದೆ ಮುಗಿದವು. ಉಳಿದವುಗಳಲ್ಲಿ ಒಂದು ಕ್ವಾರ್ಟರ್ ಬಿಟ್ಟುಕೊಟ್ಟು ಮಿಕ್ಕದ್ದು ಉಳಿಯಿತು. 941-ಎಕ್ಸ್ (ಮೂರು ತಿಂಗಳಿಗೊಮ್ಮೆ ಹಾಕುವ ಸಂಬಳ ತೆರಿಗೆಯ 941 ರಿಟರ್ನ್‌ನ ತಿದ್ದುಪಡಿ ಫಾರಂ) ತುಂಬಿ ಗೊತ್ತಿರುವವರಿಗೇ ಇದನ್ನು ಬರೆಯುತ್ತಿದ್ದೇನೆ, ಕ್ರೆಡಿಟ್ ಎಂದರೇನು ಎಂಬಲ್ಲಿಂದ ಶುರು ಮಾಡುವುದಿಲ್ಲ.

ಮೊದಲು ಬಂದ ಪತ್ರ ಯಾವುದು ನೋಡಿ. 105-ಸಿ ಬಂದಿದ್ದರೆ ಅದು ಆಡಿಟ್ ಅಲ್ಲ, ಕ್ಲೇಮನ್ನೇ ತಳ್ಳಿಹಾಕಿದ್ದಾರೆ. ಆ ಪತ್ರದ ತಾರೀಖಿನಿಂದ ಎರಡು ವರ್ಷದೊಳಗೆ ಕೋರ್ಟಿಗೆ ಹೋಗಬೇಕು. ಅಪೀಲ್ಸ್‌ಗೆ (ಐಆರ್‌ಎಸ್‌ನೊಳಗಿನ ಮೇಲ್ಮನವಿ ಕಚೇರಿ) ಬರೆದುಕೊಂಡ ಮಾತ್ರಕ್ಕೆ ಆ ಗಡಿಯಾರ ನಿಲ್ಲುವುದಿಲ್ಲ. ಗಡುವು ವಿಸ್ತರಿಸುವ ಫಾರಂ 907ಕ್ಕೆ ಎರಡೂ ಕಡೆಯ ಸಹಿ ಆ ಅವಧಿ ಮುಗಿಯುವ ಮುಂಚೆ ಬೀಳಬೇಕು. ಅಪೀಲ್ಸ್‌ನಲ್ಲಿ ಇದೆಯಲ್ಲ ಎಂದು ಸುಮ್ಮನಿದ್ದು ಒಳ್ಳೆಯ ಕೇಸು ಕಳೆದುಕೊಂಡವರನ್ನು ನೋಡಿದ್ದೇನೆ. ಆಡಿಟ್ ಪತ್ರವಾದರೆ ಜೊತೆಗೆ ಫಾರಂ 4564 ಇರುತ್ತದೆ, ಅಂದರೆ ಐಡಿಆರ್, ಬೇಕಾದ ದಾಖಲೆಗಳನ್ನು ಕೇಳುವ ಪಟ್ಟಿ. ಕೊಟ್ಟ ದಿನ ಸಾಲದಿದ್ದರೆ ಏಜೆಂಟ್‌ಗೆ ಫೋನ್ ಮಾಡಿ ಎರಡು ಮೂರು ವಾರ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. ಕೇಳದೆ ತಡ ಮಾಡಿದರೆ ಇಡೀ ಆಡಿಟ್‌ನ ಧಾಟಿಯೇ ಕೆಡುತ್ತದೆ.

2848 (ಕ್ಲೈಂಟ್ ಪರವಾಗಿ ನಡೆದುಕೊಳ್ಳುವ ಅಧಿಕಾರಪತ್ರ) ಹಾಕಿದ ಕೂಡಲೇ ಪ್ರತಿ ಕ್ವಾರ್ಟರ್‌ನ 941 ಅಕೌಂಟ್ ಟ್ರಾನ್ಸ್‌ಕ್ರಿಪ್ಟ್ ಇಳಿಸಿ. 977 ಕೋಡ್ ಇದ್ದರೆ ತಿದ್ದುಪಡಿ ರಿಟರ್ನ್ ತಲುಪಿದೆ, 766 ಎಂದರೆ ಕ್ರೆಡಿಟ್ ಹಾಕಿದ್ದಾರೆ, 846 ಎಂದರೆ ಚೆಕ್ ಹೊರಟಿದೆ, 420 ಎಂದರೆ ಆ ಕ್ವಾರ್ಟರ್ ಆಡಿಟ್‌ನಲ್ಲಿದೆ. ಪತ್ರದಲ್ಲಿ ಎರಡೇ ಕ್ವಾರ್ಟರ್ ಇದ್ದರೂ ಇನ್ನೊಂದರ ಮೇಲೆ 424 (ಆಡಿಟ್‌ಗೆ ಕೇಳಿಕೊಂಡ ಗುರುತು) ಬಿದ್ದಿರುವುದು ಇಲ್ಲೇ ಕಾಣುತ್ತದೆ. ಅದಕ್ಕೂ ಈಗಲೇ ಫೈಲು ಕಟ್ಟಿಡುತ್ತೇನೆ.

ಫೇಲಾದ ದಾರಿಗಳು ಯಾವುವೆಂದರೆ, ಕ್ರೆಡಿಟ್ ಮಾಡಿಸಿಕೊಟ್ಟ ಪ್ರಮೋಟರ್ ಕಂಪನಿಯ ನಲವತ್ತು ಪುಟದ ಮೆಮೋವನ್ನು ಹಾಗೇ ಕಳಿಸುವುದು ಮೊದಲನೆಯದು. ಅದರಲ್ಲಿ ಆರೋಗ್ಯ ಸಂಸ್ಥೆ ಸಿಡಿಸಿಯ ಸಲಹೆ, ಕೆಲಸದ ಜಾಗದ ಸುರಕ್ಷತೆ ನೋಡುವ ಓಎಸ್‌ಎಚ್‌ಎ ಮಾರ್ಗಸೂಚಿ, ಸಪ್ಲೈ ಚೈನ್ (ಸರಕು ಬರುವುದು ನಿಂತಿತು ಎಂಬ ವಾದ) ಎಲ್ಲ ಕಲಸಿರುತ್ತದೆ. ಸಲಹೆ ಸರ್ಕಾರಿ ಆದೇಶವಲ್ಲ. ಸಪ್ಲೈ ಚೈನ್ ವಾದದ ಬಾಗಿಲನ್ನು ಐಆರ್‌ಎಸ್ ತನ್ನ 2023ರ ಮೆಮೋದಲ್ಲೇ ಹೆಚ್ಚುಕಡಿಮೆ ಮುಚ್ಚಿದೆ. ಒಂದು ಪೊಳ್ಳು ಕಾರಣ ಕಂಡರೆ ಏಜೆಂಟ್ ಗಟ್ಟಿ ಕಾರಣವನ್ನೂ ಅನುಮಾನದಿಂದ ನೋಡುತ್ತಾನೆ. ಎರಡನೆಯದು ಲೆಕ್ಕದ ಸಾಫ್ಟ್‌ವೇರ್ ಕ್ವಿಕ್‌ಬುಕ್ಸ್‌ನ ಬ್ಯಾಕಪ್ ಪೂರ್ತಿ ಕೊಟ್ಟುಬಿಡುವುದು. ಕೇಳಿದ್ದು ನಾಲ್ಕು ಕ್ವಾರ್ಟರ್‌ನ ಸಂಬಳ, ಸಿಕ್ಕಿದ್ದು ಮಾಲೀಕರ ಕಾರ್ ಲೋನ್ ಎಂದಾಗುತ್ತದೆ. ಪ್ರಮೋಟರ್‌ಗೆ ಶೇ. 20–25 ಹೋಗಿರುತ್ತದೆ. 3 ಲಕ್ಷ ಡಾಲರ್ ಆಸುಪಾಸಿನ ರಿಫಂಡ್‌ಗೆ 60–75 ಸಾವಿರ. ಕರಾರು ಪತ್ರ ತೆಗೆಸಿ ಓದಿ. ‘ಆಡಿಟ್ ಸಪೋರ್ಟ್’ ಎಂದರೆ ಬಹಳ ಕಡೆ ಒಂದು ಫೋನ್ ಕರೆ ಅಷ್ಟೇ. ಕ್ರೆಡಿಟ್ ಹೋದರೆ ಫೀಸು ವಾಪಸ್ ಎಂಬ ಸಾಲು ಇದ್ದರೆ ಈಗಲೇ ಲಿಖಿತ ನೋಟೀಸು ಕೊಡಿಸಿ. ನನ್ನ ಫೀಸು ಗಂಟೆ ಲೆಕ್ಕ, ಇಂಥ ಕೇಸಿಗೆ 10–12 ಸಾವಿರದ ಹತ್ತಿರ. ಹೆಚ್ಚಾಯಿತು ಎನ್ನುವವರು ಸೋತರೆ ರಿಫಂಡ್ ಬಂದ ದಿನದಿಂದ ಏರುವ ಬಡ್ಡಿಯನ್ನು ಒಮ್ಮೆ ಕೂಡಿ ನೋಡಲಿ.

ಈಗ ಫೈಲು. ಕ್ವಾರ್ಟರ್‌ಗೊಂದು, ಒಂದರ ಕಾಗದ ಇನ್ನೊಂದರಲ್ಲಿ ಇರಕೂಡದು. ಮೊದಲ ಪುಟದಲ್ಲಿ ಅರ್ಹತೆ ಯಾವ ದಾರಿಯಿಂದ ಎಂದು ಒಂದೇ ವಾಕ್ಯ: ಗ್ರಾಸ್ ರಿಸೀಟ್ಸ್ (ಖರ್ಚು ಕಳೆಯುವ ಮುಂಚಿನ ಒಟ್ಟು ವರಮಾನ) ಇಳಿಕೆಯೋ, ಸರ್ಕಾರಿ ಆದೇಶದಿಂದ ಆದ ನಿಲುಗಡೆಯೋ. ಮೊದಲನೆಯದು ಸಿಕ್ಕರೆ ಎರಡನೆಯದರ ಗೋಜಿಗೇ ಹೋಗುವುದಿಲ್ಲ. 2021ರಲ್ಲಿ 2019ರ ಅದೇ ಕ್ವಾರ್ಟರ್‌ನ ಶೇ. 80ಕ್ಕಿಂತ ಕೆಳಗಿದ್ದರೆ ಸಾಕು. ಅಲ್ಲೂ ಸಿಗದಿದ್ದರೆ ಹಿಂದಿನ ಕ್ವಾರ್ಟರ್ ನೋಡುವ ಆಯ್ಕೆಯಿದೆ, ಅದನ್ನು ಮರೆತ ಕ್ಲೇಮುಗಳು ಬೇಕಾದಷ್ಟಿವೆ.

ರೆಸ್ಟೋರೆಂಟ್‌ಗಳಲ್ಲಿ ಈ ಶೇ. 80 ಎಡವುವುದು ಡೆಲಿವರಿ ಆ್ಯಪ್‌ನಲ್ಲಿ. ಬ್ಯಾಂಕಿಗೆ ಬೀಳುವುದು ಕಮಿಷನ್ ಕಳೆದ ಮೊತ್ತ, ಆದರೆ ಗ್ರಾಸ್ ರಿಸೀಟ್ಸ್ ಎಂದರೆ ಕಳೆಯುವ ಮುಂಚಿನದು. ಡೆಪಾಸಿಟ್ ನೋಡಿ ಶೇ. 76 ಎಂದುಕೊಂಡ ಕ್ವಾರ್ಟರ್ ಆ್ಯಪ್‌ನ ತಿಂಗಳ ಸ್ಟೇಟ್‌ಮೆಂಟ್ ಹಾಕಿದರೆ 82 ಆಗಬಹುದು. ಉಲ್ಟಾ ಕಡೆ, ಪಿಒಎಸ್ (ಬಿಲ್ಲಿಂಗ್ ಯಂತ್ರ) ಮಾರಾಟದಲ್ಲಿ ಸೇಲ್ಸ್ ಟ್ಯಾಕ್ಸ್ ಸೇರಿಕೊಂಡಿದ್ದರೆ ತೆಗೆಯಬೇಕು. ಪಿಪಿಪಿ (ಸಂಬಳ ಕೊಡಲೆಂದು ಕೋವಿಡ್ ಕಾಲದಲ್ಲಿ ಸಿಕ್ಕ, ಮನ್ನಾ ಆಗಬಲ್ಲ ಸಾಲ) ಮನ್ನಾ ಆದ ಹಣವನ್ನು ರೆವೆನ್ಯೂ ಪ್ರೊಸೀಜರ್ 2021-33ರ ಪ್ರಕಾರ ಹೊರಗಿಡಬಹುದು, ಆದರೆ ಒಮ್ಮೆ ಹೊರಗಿಟ್ಟರೆ ಎಲ್ಲ ಕ್ವಾರ್ಟರ್‌ಗೂ ಹಾಗೇ.

ಆದೇಶದ ದಾರಿ ಹಿಡಿದರೆ ಆದೇಶದ ನಂಬರು, ಜಾರಿಗೆ ಬಂದ ದಿನ, ಮುಗಿದ ದಿನ, ಅದು ಈ ಅಂಗಡಿಯ ಯಾವ ಕೆಲಸವನ್ನು ನಿಲ್ಲಿಸಿತು ಎಂಬ ನಾಲ್ಕೇ ಕಾಲಂ. ನ್ಯೂಜೆರ್ಸಿಯಲ್ಲಿ 2020ರ ಮಾರ್ಚ್ 16ರ ಎಕ್ಸಿಕ್ಯುಟಿವ್ ಆರ್ಡರ್ 104ರಿಂದ ಒಳಗೆ ಕೂತು ಉಣ್ಣುವುದು ನಿಂತಿತು. ಸೆಪ್ಟೆಂಬರ್ 4ರಿಂದ ಶೇ. 25 ಸೀಟು, 2021ರ ಫೆಬ್ರವರಿ 5ರಿಂದ ಶೇ. 35, ಮಾರ್ಚ್ 19ರಿಂದ ಶೇ. 50. ಪೂರ್ತಿ ನಿಂತ ದಿನಗಳಿಗೆ 2019ರ ಅದೇ ಕ್ವಾರ್ಟರ್‌ನಲ್ಲಿ ಡೈನ್-ಇನ್ ಪಾಲು ಶೇ. 10ಕ್ಕಿಂತ ಕಡಿಮೆ ಇರಲಿಲ್ಲ ಎಂದು ತೋರಿಸಿದರೆ ಮುಗಿಯಿತು. ಸೀಟು ಮಿತಿಯ ದಿನಗಳಿಗೆ ಅಷ್ಟು ಸಾಲದು. ಮಿತಿಯಿಂದ ವ್ಯಾಪಾರಕ್ಕೆ ಏಟು ಬಿತ್ತು ಎಂದು ತೋರಿಸಬೇಕು. ಫೈರ್ ಇಲಾಖೆಯ ಆಕ್ಯುಪೆನ್ಸಿ ಸರ್ಟಿಫಿಕೇಟ್, ಟೇಬಲ್ ನಕ್ಷೆ, 2019ರ ಶುಕ್ರವಾರ ಶನಿವಾರ ರಾತ್ರಿಗಳ ಪಿಒಎಸ್ ಟೇಬಲ್ ರಿಪೋರ್ಟ್, ಈ ಮೂರನ್ನೂ ಜೊತೆಗೆ ಇಡಿ. ವಾರಾಂತ್ಯದಲ್ಲೂ ಅರ್ಧ ಖಾಲಿ ಇರುತ್ತಿದ್ದ ಹೋಟೆಲಿಗೆ ಈ ವಾದ ನಿಲ್ಲುವುದಿಲ್ಲ. ಈ ದಾರಿಯಲ್ಲಿ ಆದೇಶ ಜಾರಿಯಲ್ಲಿದ್ದ ದಿನಗಳ ಸಂಬಳ ಮಾತ್ರ ಲೆಕ್ಕಕ್ಕೆ. 2021ರ ಮೇ 19ರಂದು ಶೇಕಡಾ ಮಿತಿ ತೆಗೆದರು, ನಾನು ಅಲ್ಲಿಗೇ ಗೆರೆ ಎಳೆಯುತ್ತೇನೆ. ಮುಂದಕ್ಕೂ ವಾದಿಸಲು ಜಾಗವಿದೆ, ಆದರೆ ಕೆಲವು ದಿನದ ಸಂಬಳಕ್ಕಾಗಿ ಇಡೀ ಫೈಲನ್ನು ಪಣಕ್ಕಿಡಬಾರದು.

2019ರ ಪಿಒಎಸ್ ಡೇಟಾ ಕಳೆದುಹೋಗಿದ್ದಾಗ ಕೆಲವು ಪ್ರಯೋಗ ಮಾಡಿದೆ. ಕಾರ್ಡ್ ಬ್ಯಾಚ್ ರಿಪೋರ್ಟ್‌ನಲ್ಲಿ ಟಿಪ್ ಇರುವ ಬಿಲ್ಲುಗಳನ್ನು ಡೈನ್-ಇನ್, ಇಲ್ಲದವನ್ನು ಪಾರ್ಸೆಲ್ ಎಂದು ಹಿಡಿದು ಲೆಕ್ಕ ಹಾಕಿದೆ. ಪೂರ್ತಿ ಡೇಟಾ ಇದ್ದ ಇನ್ನೊಂದು ಹೋಟೆಲಿನ ಮೇಲೆ ಪರೀಕ್ಷಿಸಿದಾಗ ನಾಲ್ಕೈದು ಶೇಕಡಾ ಆಚೀಚೆ ಬಂತು. ಶೇ. 10ರ ಪರೀಕ್ಷೆಗೆ ಅಷ್ಟು ಧಾರಾಳ. ಪಾರ್ಸೆಲ್ ಡಬ್ಬಿ ಕೊಂಡ ಹೋಲ್‌ಸೇಲ್ ಬಿಲ್ಲುಗಳನ್ನು 2019, 2020 ಎಂದು ಹೋಲಿಸಿಯೂ ನೋಡಿದೆ. ಗ್ರಾಫ್ ಚೆನ್ನಾಗಿ ಬಂತು, ಏಜೆಂಟ್ ಕ್ಯಾರೇ ಅನ್ನಲಿಲ್ಲ.

ಎರಡನೇ ಭಾಗ ಸಂಬಳದ ಶೀಟು. ಒಬ್ಬ ನೌಕರನಿಗೆ ಒಂದು ಸಾಲು, ಶೀಟಿನ ಮೊತ್ತ ಆ ಕ್ವಾರ್ಟರ್‌ನ 941ರ 5ಸಿ ಸಾಲಿಗೆ, ನಾಲ್ಕೂ ಸೇರಿ ಡಬ್ಲ್ಯು-2ಗಳಿಗೆ (ನೌಕರರ ವಾರ್ಷಿಕ ಸಂಬಳ ಪತ್ರ) ತಾಳೆಯಾಗಬೇಕು. ವ್ಯತ್ಯಾಸವಿದ್ದರೆ ಏಕೆಂದು ಅಲ್ಲೇ ಕೆಳಗೆ ಬರೆಯಿರಿ. ಬೆಂಗಳೂರಿನ ನಮ್ಮ ತಂಡ ಇದನ್ನು ರಾತ್ರಿ ಕಳೆದು ಬೆಳಗಾಗುವಷ್ಟರಲ್ಲಿ ಕೂಡಿಸಿ ಕೊಡುತ್ತದೆ. ಸೋಷಿಯಲ್ ಸೆಕ್ಯುರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಬಿಟ್ಟು ಮಿಕ್ಕದ್ದು ಮುಚ್ಚಿಯೇ ಕಳಿಸುತ್ತೇನೆ.

ಒಂದು ಸಾಲು ನೋಡಿ. ಅಡುಗೆಯವರೊಬ್ಬರ 2021ರ ಮೊದಲ ಕ್ವಾರ್ಟರ್ ಸಂಬಳ 11,400. ಪಿಪಿಪಿ ಮನ್ನಾಕ್ಕೆ ಹೋದದ್ದು 4,200. ಉಳಿದದ್ದು 7,200, ಅದರ ಶೇ. 70 ಎಂದರೆ 5,040 ಡಾಲರ್. ಒಬ್ಬರಿಗೆ ಕ್ವಾರ್ಟರ್‌ಗೆ ಇರುವ ಸಂಬಳದ ಮಿತಿ 10,000. ಮೊದಲೇ ಅದಕ್ಕೆ ಕತ್ತರಿಸಿ ಆಮೇಲೆ 4,200 ಕಳೆದರೆ ಬರುವುದು 4,060. ಪಿಪಿಪಿ ಮೊದಲು, ಮಿತಿ ಆಮೇಲೆ. ಈ ಒಂದು ಕ್ರಮ ತಪ್ಪಿದ್ದರಿಂದ ಕ್ಲೇಮು ಕಡಿಮೆ ಹಾಕಿದ್ದ ಫೈಲುಗಳೂ ಸಿಕ್ಕಿವೆ. ಆಡಿಟ್‌ನಲ್ಲಿ ಬೇರೆ ಕಡೆ ಕಳೆದುಕೊಂಡದ್ದಕ್ಕೆ ಇದನ್ನು ಎದುರು ಇಡಬಹುದು. ಟಿಪ್ಸ್ ಕೂಡ ಫೈಕಾ (ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ) ಬೀಳುವ ಸಂಬಳವಾಗಿದ್ದರೆ ಇದರಲ್ಲಿ ಸೇರುತ್ತದೆ, 45ಬಿ ಟಿಪ್ ಕ್ರೆಡಿಟ್ ತೆಗೆದುಕೊಂಡಿದ್ದರೂ ಸರಿ.

ಪಿಪಿಪಿಗೆ ಎಷ್ಟು ಸಂಬಳ ಕಟ್ಟಿಹಾಕಿಕೊಂಡಿದೆ ಎನ್ನುವುದು ಮನ್ನಾ ಅರ್ಜಿಯಲ್ಲಿ ಏನು ಬರೆದಿದ್ದೀರಿ ಎಂಬುದರ ಮೇಲೆ. ಸಾಲ 1 ಲಕ್ಷ, ಅರ್ಜಿಯಲ್ಲಿ ಸಂಬಳ 1 ಲಕ್ಷ 40 ಸಾವಿರ, ಬಾಡಿಗೆ ಸೊನ್ನೆ ಎಂದಿದ್ದರೆ 1 ಲಕ್ಷ ಹೋಯಿತು. ಅದೇ ಅರ್ಜಿಯಲ್ಲಿ ಬಾಡಿಗೆ 40 ಸಾವಿರ ತೋರಿಸಿದ್ದರೆ ಹೋಗುವುದು 60 ಸಾವಿರ ಮಾತ್ರ. ಬಾಡಿಗೆ ಕಟ್ಟಿದ್ದು ನಿಜವಾದರೂ ಅರ್ಜಿಯಲ್ಲಿ ಬರೆಯದಿದ್ದರೆ ಈಗ ಏನೂ ಮಾಡಲಾಗುವುದಿಲ್ಲ. ಆ ಮೊತ್ತವನ್ನು ನೌಕರರ ಮೇಲೆ ಹಂಚುವಾಗ 10,000 ದಾಟಿದವರ ಹೆಚ್ಚುವರಿ ಭಾಗಕ್ಕೆ ಮೊದಲು ಹಾಕುತ್ತೇನೆ. ಅದರಾಚೆಗಿನ ಹಂಚಿಕೆಯ ಲೆಕ್ಕ ಹೊಟ್ಟೆಪಾಡಿನ ವಿಷಯ, ಇಲ್ಲಿ ಬರೆಯುವುದಿಲ್ಲ.

ನಮ್ಮವರ ಫೈಲುಗಳಲ್ಲಿ ಹೆಚ್ಚು ಹಣ ಹೋಗುವುದು ಬಂಧುಗಳ ಸಂಬಳದಲ್ಲಿ. ಗಂಡ ಹೆಂಡತಿ 50-50 ಇದ್ದರೂ ಒಬ್ಬರ ಷೇರು ಇನ್ನೊಬ್ಬರದೆಂದೇ ಎಣಿಕೆ, ಮಕ್ಕಳು, ಒಡಹುಟ್ಟಿದವರು ಅಥವಾ ಹೆತ್ತವರು ಬದುಕಿದ್ದರೆ ಸಾಮಾನ್ಯವಾಗಿ ಇಬ್ಬರ ಸಂಬಳವೂ ಹೊರಗೆ. ಮಗ, ಸೊಸೆ, ಭಾವಮೈದುನ, ಅಣ್ಣನ ಮಗ, ಚಿಕ್ಕಪ್ಪ ಎಲ್ಲರೂ ಹೊರಗೆ. ದೊಡ್ಡಪ್ಪನ ಮಗ, ಸೋದರಮಾವನ ಮಗ ಆ ಪಟ್ಟಿಯಲ್ಲಿ ಇಲ್ಲ, ಮಾಲೀಕರ ಮನೆಯಲ್ಲೇ ವಾಸವಿಲ್ಲದಿದ್ದರೆ ಅವರ ಸಂಬಳ ಕ್ಲೇಮಿನಲ್ಲಿ ಉಳಿಯುತ್ತದೆ. ಆದರೆ ಸಂದರ್ಶನದಲ್ಲಿ ಮಾಲೀಕರು ಅಭ್ಯಾಸದಂತೆ ‘ಬ್ರದರ್’ ಎಂದುಬಿಟ್ಟರೆ ಏಜೆಂಟ್ ಆ ಸಾಲಿಗೆ ಗೀಟು ಎಳೆಯುತ್ತಾನೆ. ಹಾಗಾಗಿ ಸಂದರ್ಶನಕ್ಕೆ ಮುಂಚೆ ವಂಶವೃಕ್ಷವನ್ನು ಒಂದು ಪುಟದಲ್ಲಿ ಬರೆದು ಫೈಲಿಗೆ ಸೇರಿಸುತ್ತೇನೆ. ಹೊರಗಿಡಬೇಕಾದವರನ್ನು ನಾವೇ ಗುರುತಿಸಿ, ಮೊತ್ತ ಕಳೆದು ತೋರಿಸಿದರೆ ಉಳಿದ ಶೀಟನ್ನು ಅಷ್ಟು ಕೆದಕುವುದಿಲ್ಲ.

ಐಡಿಆರ್‌ನ ಪ್ರತಿ ಪ್ರಶ್ನೆಗೆ ಒಂದು ಪಿಡಿಎಫ್, ಹೆಸರಿನಲ್ಲೇ ಪ್ರಶ್ನೆ ನಂಬರು ಮತ್ತು ಕ್ವಾರ್ಟರ್. ಏಜೆಂಟ್ ಒಪ್ಪದಿದ್ದರೆ 30 ದಿನದೊಳಗೆ ಅಪೀಲ್ಸ್‌ಗೆ ಹೋಗಲು ಅವಕಾಶ ಕೊಡುವ ಪತ್ರ ಬರುತ್ತದೆ. ಒಂದು ಕ್ವಾರ್ಟರ್‌ಗೆ 25,000 ಡಾಲರ್ ಮೀರದಿದ್ದರೆ ಸ್ಮಾಲ್ ಕೇಸ್ ಅರ್ಜಿ, ಮೀರಿದರೆ ಪೂರ್ಣ ಪ್ರೊಟೆಸ್ಟ್ (ವಿವರವಾದ ಲಿಖಿತ ಆಕ್ಷೇಪ). ಕೋರ್ಟಿನಲ್ಲಿ ಸೋಲುವ ಅಪಾಯ ತೂಗಿ ರಾಜಿ ಮಾಡುವ ಅಧಿಕಾರ ಏಜೆಂಟ್‌ಗೆ ಇಲ್ಲ, ಅಪೀಲ್ಸ್‌ಗೆ ಇದೆ. ಸೀಟು ಮಿತಿಯ ಕ್ವಾರ್ಟರ್‌ಗಳು ಹೆಚ್ಚಾಗಿ ಅಲ್ಲೇ ತೀರ್ಮಾನ ಆಗುವಂಥವು. ಕಾಲಾವಧಿ ವಿಸ್ತರಿಸಲು ಎಸ್‌ಎಸ್-10ಕ್ಕೆ ಸಹಿ ಕೇಳಿದರೆ ಆಡಿಟ್‌ನಲ್ಲಿರುವ ಕ್ವಾರ್ಟರ್‌ಗಳಿಗೆ ಮಾತ್ರ ಸೀಮಿತಗೊಳಿಸಿ ಕೊಡುತ್ತೇನೆ. ಸಹಿ ಹಾಕದಿದ್ದರೆ ಇದ್ದ ಕಾಗದದ ಮೇಲೇ ತೀರ್ಪು ಬರೆದುಬಿಡುತ್ತಾರೆ, ಅದು ನಮಗೆ ಅನುಕೂಲವಾಗುವುದು ಕಡಿಮೆ.

ಮುಗಿದ ಮೇಲೆ ಇನ್‌ಕಮ್ ಟ್ಯಾಕ್ಸ್ ಕಡೆ ಬಾಕಿ ಇರುತ್ತದೆ. ಕ್ರೆಡಿಟ್‌ನಷ್ಟು ಸಂಬಳದ ಡಿಡಕ್ಷನ್ ಆ ವರ್ಷ ಇಳಿಸಿದ್ದು, ಈಗ ಕ್ರೆಡಿಟ್ ಪೂರ್ತಿಯೋ ಭಾಗಶಃವೋ ಹೋಗಿದ್ದರೆ, ಹೋದಷ್ಟನ್ನು ತಿರಸ್ಕಾರವಾದ ವರ್ಷದಲ್ಲೇ ಡಿಡಕ್ಷನ್ ತೆಗೆದುಕೊಳ್ಳಬಹುದು, ಹಳೆಯ ರಿಟರ್ನ್ ತಿದ್ದಬೇಕಾಗಿಲ್ಲ ಎಂದು ಐಆರ್‌ಎಸ್ 2025ರ ಮಾರ್ಚ್‌ನಲ್ಲಿ ಹೇಳಿದೆ. ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಆಡಿಟ್ ಮುಚ್ಚಿದ ಕೋಡ್ 421 ಬೀಳುವ ತನಕ ಕ್ಲೈಂಟ್‌ಗೆ ‘ಮುಗಿಯಿತು’ ಎನ್ನಬೇಡಿ. 2021ರ ಮೂರನೇ ಕ್ವಾರ್ಟರ್‌ಗೆ 2025ರ ಜುಲೈ ಕಾನೂನಿನಿಂದ ಐಆರ್‌ಎಸ್‌ಗೆ ಪ್ರಶ್ನಿಸಿ ತೆರಿಗೆ ಹಾಕಲು ಆರು ವರ್ಷದ ಅವಧಿ ಬಂದಿದೆ, ಅದೂ ಕ್ಲೇಮು ಹಾಕಿದ ದಿನದಿಂದ ಎಣಿಸಿದರೆ ಇನ್ನೂ ಮುಂದಕ್ಕೆ ಹೋಗಬಹುದು. ಆಡಿಟ್ ಬಾರದ ಕ್ಲೈಂಟ್‌ಗಳ ಆ ಕ್ವಾರ್ಟರ್‌ನ ಫೈಲನ್ನೂ ಈಗಲೇ ಕಟ್ಟಿಡಿ, 2019ರ ಪಿಒಎಸ್ ಡೇಟಾ ಇನ್ನೂ ಸಿಗುವಾಗಲೇ.