ಪಾಳಿ ಪಟ್ಟಿಯಿಂದ ಹುಟ್ಟಿದ ಯುದ್ಧನೌಕೆ: ನನ್ನ ಅನುಭವ

‘ಕನ್ನಡದಾಗ ಬಾಹ್ಯಾಕಾಶದ ಯುದ್ಧ ಯಾರ್ ಓದ್ತಾರ್ರೀ?’ ಹುಬ್ಬಳ್ಳಿಯಲ್ಲೂ ಧಾರವಾಡದಲ್ಲೂ ಈ ಮಾತು ಕೇಳಿ ಕೇಳಿ ಸಾಕಾಗಿತ್ತು. ಈಗ ಅಂಥದ್ದೇ ನನ್ನ ಕಾದಂಬರಿ ‘ಮಲಪ್ರಭಾ’ದ ಮೊದಲ ಮುದ್ರಣದ 500 ಪ್ರತಿ ಹೆಚ್ಚೂಕಮ್ಮಿ ಖಾಲಿ. ಎರಡನೆಯದು ಗದಗಿನಲ್ಲಿ ಬೈಂಡಿಂಗ್‌ಗೆ ಹೋಗಿದೆ. ಅದಕ್ಕೇ ಬರೆಯುತ್ತಿದ್ದೇನೆ. ಓದುವವರೂ ಬರೆಯುವವರೇ ಅಲ್ವಾ, ಬುಡದಿಂದ ಹೇಳುತ್ತಾ ಕೂರಲ್ಲ.

ಗುರುಗ್ರಹದ ಹತ್ತಿರ ಕಾವಲಿಗೆ ನಿಂತ ಒಂದು ನೌಕೆ, 28 ಜನ, ಒಬ್ಬಳು ಕ್ಯಾಪ್ಟನ್. ಅವರ ನಿಷ್ಠೆಯೇ ಕಥೆ. ಇಂಥ ಕಥೆಯಲ್ಲಿ ಸಾಮಾನ್ಯವಾಗಿ ಯಾರಾದರೂ ಎದ್ದು ನಿಂತು ‘ಪ್ರಾಣ ಕೊಡ್ತೇವೆ’ ಅನ್ನುತ್ತಾರೆ. ಆ ದಾರಿಯಲ್ಲೂ ಒಂದು ಕರಡು ಮಾಡಿ ನೋಡಿದೆ. ನೂರೈವತ್ತು ಪುಟದ ಹತ್ತಿರ ಹೋಗಿ ನಿಂತಿತು, ಮುಂದೆ ಸರಿಯಲೇ ಇಲ್ಲ. ಒಂದು ವಾರಪತ್ರಿಕೆಗೆ ಕಳಿಸಿದೆ, ಉತ್ತರ ಇಲ್ಲ. ಒಬ್ಬ ಪ್ರಕಾಶಕರು ಓದದೇ 60 ಸಾವಿರ ಕೇಳಿದರು.

ದಾರಿ ತೋರಿಸಿದವರು ಹಾವೇರಿ ಕಡೆಯ ಒಬ್ಬ ನಿವೃತ್ತ ಹವಾಲ್ದಾರರು. ಎರಡು ಅಧ್ಯಾಯ ಓದಿ ಒಂದೇ ಪ್ರಶ್ನೆ ಕೇಳಿದರು: ‘ಇವ್ರು ಮಲಗೋದು ಯಾವಾಗ? ಡ್ಯೂಟಿ ಯಾರಿಂದ ಯಾರಿಗೆ ಬದಲಾಗ್ತೈತಿ?’ ಅಲ್ಲಿಂದ ಕಥೆ ಬದಿಗಿಟ್ಟು ಮೊದಲು ಪಾಳಿ ಪಟ್ಟಿ ಬರೆದೆ. ಹಡಗುಗಳಲ್ಲಿ ನಾಲ್ಕು ನಾಲ್ಕು ಗಂಟೆಯ ಪಾಳಿ ಹಾಕಿ, ಸಂಜೆ 4ರಿಂದ 8ರದ್ದನ್ನು ಮಾತ್ರ ಎರಡು ತುಂಡು ಮಾಡುವ ಹಳೇ ಪದ್ಧತಿ ಇದೆ. ದಿನಕ್ಕೆ ಏಳು ಪಾಳಿ ಆಗುತ್ತೆ, ಹಾಗಾಗಿ ನಡುರಾತ್ರಿಯ ಪಾಳಿ ದಿನಾ ಒಬ್ಬರ ತಲೆಗೇ ಬೀಳಲ್ಲ. ಅದನ್ನೇ ಎತ್ತಿಕೊಂಡೆ. 28 ಹೆಸರು, ಯಾರು ಎಲ್ಲಿ, ಯಾವಾಗ, ಎಲ್ಲ ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದೆ. ಆಮೇಲೆ ಯಾರೂ ಭಾಷಣ ಮಾಡಬೇಕಾಗಿ ಬರಲಿಲ್ಲ. ಕೈ ಸುಟ್ಟುಕೊಂಡ ಹುಡುಗನ ಪಾಳಿಯನ್ನು ಅಡುಗೆಯವನು ಯಾರಿಗೂ ಹೇಳದೆ ತಾನೇ ನಿಂತು ಮುಗಿಸುತ್ತಾನೆ, ಕ್ಯಾಪ್ಟನ್ ಪಟ್ಟಿ ನೋಡಿ ಸುಮ್ನೆ ಅಡುಗೆಯವನ ಹೆಸರನ್ನು ಮರುದಿನದ ಪಾಳಿಯಿಂದ ತೆಗೆಯುತ್ತಾಳೆ. ಜಾಸ್ತಿ ಓದುಗರು ಬರೆದು ಕಳಿಸಿದ್ದು ಆ ಪುಟದ ಬಗ್ಗೆಯೇ.

ಎರಡನೇ ಕೆಲಸ, ಗಡಿಯಾರ. ಭೂಮಿಯಿಂದ ಗುರುವಿಗೆ ಬೆಳಕು ಮುಟ್ಟೋಕೆ ಸುಮಾರು 33ರಿಂದ 53 ನಿಮಿಷ ಬೇಕು. ಕೇಳಿ ಉತ್ತರ ಬರುವಷ್ಟರಲ್ಲಿ ಗಂಟೆ ದಾಟುತ್ತೆ. ಅಷ್ಟೂ ಹೊತ್ತು ಅಲ್ಲಿ ಆಜ್ಞೆ ಕೊಡೋಕೆ ಕ್ಯಾಪ್ಟನ್ ಬಿಟ್ಟರೆ ಯಾರೂ ಇಲ್ಲ, ಅವಳ ಮಾತು ನಂಬಬೇಕೋ ಬೇಡವೋ ಅನ್ನೋದನ್ನು 28 ಜನ ಅಲ್ಲೇ, ಆಗಲೇ ತೀರ್ಮಾನಿಸಬೇಕು. ಪ್ರತಿ ದೃಶ್ಯಕ್ಕೂ ಮೊದಲು ಭೂಮಿಯ ವೇಳೆ ಒಂದು ಕಾಲಂ, ನೌಕೆಯ ವೇಳೆ ಒಂದು ಕಾಲಂ ಹಾಕಿದೆ. ಮೂರನೇ ಕಾಲಂ ಕೂಡ ಇದೆ. ಅದೇನು ಅಂತ ಈಗ ಹೇಳಲ್ಲ, ಎರಡನೇ ಭಾಗ ಬರಲಿ.

ನೌಕೆಯ ಉದ್ದ ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಉದ್ದನೆಯ ಪ್ಲಾಟ್‌ಫಾರ್ಮಿನಷ್ಟು, 1507 ಮೀಟರ್. ಪರಮಾಣು ಎಂಜಿನ್ನಿನಿಂದ ಜನ ದೂರ ಇದ್ದಷ್ಟೂ ಒಳ್ಳೇದು, ದೂರ ಎರಡು ಪಟ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತೆ. ಹೆಗಲಿಗೆ ಪಾನಾ ತುಂಬಿದ ಚೀಲ ಹಾಕಿಕೊಂಡು ಆ ಪ್ಲಾಟ್‌ಫಾರ್ಮ್ ಈ ತುದಿಯಿಂದ ಆ ತುದಿಗೆ ನಡೆದೆ, ಇಪ್ಪತ್ತು ನಿಮಿಷದ ಮೇಲೆ ಹಿಡಿಯಿತು. ತೇಲುತ್ತಾ ಹಿಡಿಕೆ ಹಿಡಿದು ಸಾಗುವ ಮೆಕ್ಯಾನಿಕ್‌ಗೂ ಅಷ್ಟೇ ಹೊತ್ತು ಇಟ್ಟೆ. ಯುದ್ಧದ ಅಧ್ಯಾಯ ಪೂರ್ತಿ ಆ ಇಪ್ಪತ್ತು ನಿಮಿಷದ ಮೇಲೆ ನಿಂತಿದೆ. ಏಟು ಬೀಳದಿರಲಿ ಅಂತ ಶಾಖ ಹೊರಹಾಕುವ ರೇಡಿಯೇಟರ್ ಮಡಚಿಟ್ಟಿದ್ದಾರೆ, ಗಾಳಿ ಇಲ್ಲದ ಕಡೆ ಶಾಖ ಬೇರೆ ಹೇಗೂ ಹೋಗಲ್ಲ, ಒಳಗೆ ಕಾವು ಏರುತ್ತಲೇ ಇದೆ. ಆಗ ಎಂಜಿನ್ ಕೋಣೆಯಿಂದ ಒಂದೇ ಮಾತು ಬರುತ್ತೆ: ‘ನಮ್ ಕಡೀ ತಂಪು ಬಂದ್ ಮಾಡ್ರಿ ಬಾಯಾರ, ತೋಪಿನವ್ರಿಗೆ ಕೊಡ್ರಿ.’ ಆಜ್ಞೆಗಳು ಗ್ರಾಂಥಿಕ ಕನ್ನಡದಲ್ಲಿ, ಮನಸಿನ ಮಾತು ನಮ್ಮ ಕಡೆಯ ಕನ್ನಡದಲ್ಲಿ. ಇದು ನಡೆಯಲ್ಲ ಅಂದವರೇ ಈಗ ಅನುಕರಿಸುತ್ತಿದ್ದಾರೆ, ಖುಷಿಯಾಗುತ್ತೆ.

ನಡುವೆ ಆಡಿಯೋ ಮಾಡೋಣ ಅನ್ನಿಸಿತು. ಏಳು ಸಾವಿರದ ಮೈಕ್ ತಂದೆ, ಕೋಣೆಯ ಗೋಡೆಗೆಲ್ಲ ಅವ್ವನ ಕೌದಿ ಕಟ್ಟಿದೆ. ಕೌದಿ ಚಲೋ ಕೆಲಸ ಮಾಡಿತು, ಪ್ರತಿಧ್ವನಿ ಸತ್ತೇ ಹೋಯ್ತು. ಆದರೆ ಮೂರು ಅಧ್ಯಾಯ ಮುಗಿಸುವಷ್ಟರಲ್ಲಿ ದುಡ್ಡೂ ದನಿಯೂ ಎರಡೂ ಮುಗಿದವು. ಮೈಕ್ ಅರ್ಧ ಬೆಲೆಗೆ ಹೋಯಿತು.

ಮುದ್ರಣಕ್ಕೆ ಗದಗಕ್ಕೇ ಹೋದೆ, ಮುದ್ರಣ ಕಾಶಿ ಅಂತ ಸುಮ್ನೆ ಕರೆಯಲ್ಲ. ಡೆಮಿ ಅಳತೆ, 240 ಪುಟ, ಒಟ್ಟು ಹತ್ತತ್ತಿರ 48 ಸಾವಿರ ಬಿತ್ತು. ಟೈಪ್ ಮಾಡಿದ್ದನ್ನು ‘ನುಡಿ’ ತಂತ್ರಾಂಶದ ಅಕ್ಷರದಿಂದ ಯುನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ ಚೆಲ್ಲಾಪಿಲ್ಲಿಯಾಗಿ ಪ್ರೂಫ್ ಇನ್ನೊಂದು ಸುತ್ತು ಓದಿಸಬೇಕಾಯಿತು, ಅದಕ್ಕೆ ಮೂರೂವರೆ ಸಾವಿರ ಬೇರೆ. ಬೆಲೆ 220 ಇಟ್ಟೆ. ಅಂಗಡಿಗೆ ಕೊಟ್ಟರೆ 40 ಪರ್ಸೆಂಟ್ ಅಲ್ಲೇ ಹೋಗುತ್ತೆ, ಮೇಲೆ ಒಂದು ಅಂಗಡಿಯಿಂದ ಇನ್ನೂ ಹಣ ಬಂದಿಲ್ಲ. ಅರ್ಧಕ್ಕಿಂತ ಜಾಸ್ತಿ ಪ್ರತಿ ನಾನೇ ವಾಟ್ಸಾಪ್‌ನಲ್ಲಿ ಮಾರಿ ಅಂಚೆಯಲ್ಲಿ ಕಳಿಸಿದೆ, ಅದರಿಂದಲೇ ಉಳಿದದ್ದು. ಖರ್ಚೆಲ್ಲ ಕಳೆದು ಕೈಗೆ ಹದಿನೆಂಟು ಸಾವಿರದಷ್ಟು ಬಂತು. ಎರಡನೇ ಮುದ್ರಣದ ಕಾಗದಕ್ಕೆ ಅದನ್ನೇ ಕಟ್ಟಿದ್ದೇನೆ.